ಮಿಷನ್ನು ನಮ್ಮದು, ಕಾಲು ಯಾರದ್ದು?



ನಾವು ಬೆಲೆಯ ಬಗ್ಗೆ ಮಾತಾಡುವ ಜನ. ಬೆಳೆಗೆ ನ್ಯಾಯವಾದ ಬೆಲೆ ಬೇಕು ಅಂತೀವಿ, ಸಾಲದ ಬಡ್ಡಿ ಅನ್ಯಾಯ ಅಂತೀವಿ. ಅದು ಸರಿಯೇ. ಆದರೆ ಒಳಗೆ ಬಂದ ದುಡ್ಡು ಯಾವ ತೂತಿನಿಂದ ಸೋರಿ ಹೋಗುತ್ತಿದೆ ಎಂದು ಒಂದು ದಿನವಾದರೂ ಕೂತು ಲೆಕ್ಕ ಹಾಕಿದ್ದೇವೆಯೇ? ಅಂಥ ಒಂದು ತೂತಿನ ವಿಚಾರ ಈ ಸಲ ಬರೆಯುತ್ತೇನೆ. ಮರ ಕೊಯ್ಯುವ ಮಿಷನ್ನಿನ ಚೈನು ಎಷ್ಟು ಬಿಗಿ ಇರಬೇಕು ಎಂಬುದೇ ಆ ವಿಚಾರ. ಇದೂ ಒಂದು ಬರೆಯುವ ವಿಷಯವೇ ಅಂತ ನಗಬೇಡಿ. ಓದಿ ಮುಗಿಸಿದ ಮೇಲೆ ನಗು ಬಂದರೆ ನಗಿ.

ಮೂರು ವರ್ಷದ ಹಿಂದೆ ಆರಿದ್ರಾ ಮಳೆಯ ಗಾಳಿಗೆ ನಮ್ಮ ತೋಟದ ದಾರಿಗೆ ಅಡ್ಡಲಾಗಿ ಒಂದು ಸಿಲ್ವರ್ ಓಕ್ ಬಿತ್ತು. ಕೈಗರಗಸ ಹಿಡಿಯುವ ಆಳು ಸಿಗಲಿಲ್ಲ. ಸಾಲ ಮಾಡಿ ಮಿಷನ್ನು ತಂದೆ. ಅಂಗಡಿಯವರು ಪೆಟ್ರೋಲು ಹಾಕಿ ಎರಡು ಸಲ ಚಾಲೂ ಮಾಡಿ ತೋರಿಸಿದರು, ಬಿಲ್ಲು ಹರಿದು ಕೊಟ್ಟರು, ಮುಗಿಯಿತು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಕನ್ನಡದ ಒಂದು ಅಕ್ಷರ ಇರಲಿಲ್ಲ.

ಒಂದು ಗಂಟೆ ಕೊಯ್ಯುವಷ್ಟರಲ್ಲಿ ಚೈನು ಬಾರಿನ ಕೆಳಗೆ ಜೋತು ಬಿದ್ದಿತ್ತು. ಹೊಸ ಸಾಮಾನು ಹಾಗೇ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಚೈನು ಕಳಚಿ ಚಾಟಿಯ ಹಾಗೆ ಬಂದು ಗಂಬೂಟಿಗೆ ಹೊಡೆಯಿತು. ಗಂಬೂಟು ಹರಿಯಿತು, ಕಾಲು ಉಳಿಯಿತು. ಕಳಚಿದ ಚೈನಿನ ಒಳಹಲ್ಲುಗಳನ್ನು ಸ್ಪ್ರಾಕೆಟ್ಟು ಕಚ್ಚಿ ಹಾಕಿತ್ತು, ಅವು ಮತ್ತೆ ಬಾರಿನ ಗಾಡಿಗೆ ಕೂರಲೇ ಇಲ್ಲ. ಹೊಸ ಚೈನು ತಂದೆ. ಈ ಸಲ ಹೆದರಿಕೆಯಿಂದ ಸ್ಕ್ರೂ ತಿರುಗುವಷ್ಟೂ ತಿರುಗಿಸಿ ಬಿಗಿದೆ. ಹೊಗೆ ಬಂತು, ಬಾರು ಕಾದು ನೀಲಿ ಬಣ್ಣಕ್ಕೆ ತಿರುಗಿತು. ಸಾಲದ ಮೊದಲ ಕಂತು ಕಟ್ಟುವ ಮೊದಲೇ ಎರಡು ಚೈನು, ಒಂದು ಬಾರು ಹಾಳು. ಪ್ರತಿ ಸಲವೂ ಅಂಗಡಿಯವರು ಹೊಸದು ಕೊಟ್ಟರು, ಹಳೆಯದು ಯಾಕೆ ಹೋಯಿತು ಅಂತ ಮಾತ್ರ ಹೇಳಲಿಲ್ಲ. ಹೇಳಿದರೆ ಅವರ ವ್ಯಾಪಾರ ನಡೆಯೋದು ಹೇಗೆ?

ಕೊನೆಗೆ ಹೇಳಿಕೊಟ್ಟವನು ನಮ್ಮೂರಿನಲ್ಲಿ ಕೂಲಿಗೆ ಮರ ಕೊಯ್ಯುವ ಒಬ್ಬ ಹುಡುಗ. "ಗೌಡ್ರೇ, ಇದು ನೊಗದ ಮಿಣಿ ಇದ್ದ ಹಾಗೆ. ಸಡಿಲ ಆದರೆ ನೇಗಿಲು ಅಲ್ಲಾಡ್ತದೆ, ಅತಿ ಬಿಗಿದರೆ ಮಿಣಿ ಕಿತ್ತು ಬರ್ತದೆ" ಅಂದ. ಎತ್ತು ಕಟ್ಟಿ ಬೆಳೆದ ನನಗೆ ಅಷ್ಟು ಸಾಕಾಯಿತು. ಅವನು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಎಂಜಿನ್ನು ಪೂರ್ತಿ ನಿಲ್ಲಿಸಿ. ಚೈನು ತಣ್ಣಗಾಗಲಿ. ಕೈಗೆ ದಪ್ಪ ಗ್ಲೌಸು ಹಾಕಿ. ಬಾರನ್ನು ಹಿಡಿದಿರುವ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಬಾರಿನ ಮೂತಿಯನ್ನು ಒಂದು ಕೈಯಲ್ಲಿ ಮೇಲಕ್ಕೆ ಎತ್ತಿ ಹಿಡಿದು, ಬಿಗಿ ಮಾಡುವ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿ. ಚೈನು ಬಾರಿನ ಕೆಳ ಅಂಚಿಗೆ ತಾಗಿದ ಕೂಡಲೇ ನಿಲ್ಲಿಸಿ. ಮೂತಿಯನ್ನು ಎತ್ತಿ ಹಿಡಿದಂತೆಯೇ ನಟ್ಟು ಬಿಗಿಯಿರಿ. ಮೂತಿ ಬಿಟ್ಟು ನಟ್ಟು ಬಿಗಿದರೆ ಕೊಯ್ಯುವಾಗ ಬಾರು ಮೇಲಕ್ಕೆ ಸರಿದು ಚೈನು ಮತ್ತೆ ಸಡಿಲವಾಗುತ್ತದೆ. ಬಹಳ ಜನ ತಪ್ಪೋದು ಇಲ್ಲೇ.

ಈಗ ಪರೀಕ್ಷೆ. ಚೈನಿನ ಬ್ರೇಕು ಬಿಡಿಸಿ, ಗ್ಲೌಸಿನ ಕೈಯಲ್ಲಿ ಚೈನನ್ನು ಎಳೆಯಿರಿ. ತಡೆಯಿಲ್ಲದೆ ಸುತ್ತು ಬರಬೇಕು, ಬಾರದಿದ್ದರೆ ಬಿಗಿ ಹೆಚ್ಚಾಗಿದೆ. ಆಮೇಲೆ ಬಾರಿನ ಕೆಳಗಡೆ ನಡುಮಧ್ಯದಲ್ಲಿ ಚೈನನ್ನು ಬೆರಳಲ್ಲಿ ಕೆಳಕ್ಕೆ ಜಗ್ಗಿ ಬಿಡಿ. ಒಳಹಲ್ಲು ಗಾಡಿಯಿಂದ ಪೂರ್ತಿ ಹೊರಗೆ ಬರಬಾರದು, ಬಿಟ್ಟ ಕೂಡಲೇ ಚೈನು ತನ್ನ ಜಾಗಕ್ಕೆ ಹೋಗಿ ಕೂರಬೇಕು. ಇಷ್ಟೇ. ಐದು ನಿಮಿಷದ ಕೆಲಸ.

ಹೊಸ ಚೈನಿನ ಮೇಲೆ ಮೊದಲ ದಿನ ಹೆಚ್ಚು ಕಣ್ಣಿರಲಿ. ರಿವೀಟುಗಳು ಕೂತುಕೊಳ್ಳುವವರೆಗೆ ಅದು ಬೇಗ ಸಡಿಲವಾಗುತ್ತದೆ. ಕೆಲಸದ ನಡುವೆ ಚೈನು ಕಾದು ಹಿಗ್ಗುತ್ತದೆ, ಆಗಲೂ ಜೋತು ಬೀಳುತ್ತದೆ. ಬಿಸಿ ಇದ್ದಾಗ ಬಿಗಿ ಮಾಡಲೇಬೇಕಾಗಿ ಬಂದರೆ, ಸಂಜೆ ಕೆಲಸ ಮುಗಿದ ಮೇಲೆ ನೆನಪಿಟ್ಟು ಸಡಿಲಿಸಿ ಇಡಿ. ಇಲ್ಲದಿದ್ದರೆ ರಾತ್ರಿ ತಣ್ಣಗಾಗಿ ಕುಗ್ಗಿದ ಚೈನು ಎಂಜಿನ್ನಿನ ಶಾಫ್ಟು, ಬೇರಿಂಗುಗಳನ್ನು ಜಗ್ಗಿ ಹಾಳು ಮಾಡುತ್ತದೆ.

ಎಣ್ಣೆಯ ಮಾತೂ ಇದಕ್ಕೇ ಸೇರಿದ್ದು. ನಮ್ಮ ಅಜ್ಜಂದಿರು ಕೀಲೆಣ್ಣೆ ಹಾಕದೆ ಗಾಡಿ ಹೂಡುತ್ತಿರಲಿಲ್ಲ. ಬಾರಿಗೆ ಎಣ್ಣೆ ಬರುವ ತೂತು ಹೊಟ್ಟು ತುಂಬಿ ಕಟ್ಟಿಕೊಂಡರೆ, ನೀವು ಎಷ್ಟೇ ಸರಿಯಾಗಿ ಬಿಗಿದರೂ ಚೈನು ಕಾಯುತ್ತದೆ, ಸವೆಯುತ್ತದೆ, ಮತ್ತೆ ಜೋಲುತ್ತದೆ. ಆ ತೂತನ್ನೂ ಗಾಡಿಯನ್ನೂ ಕೆರೆದು ಶುದ್ಧ ಮಾಡಿ. ಆಗಾಗ ಬಾರನ್ನು ತಿರುವಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯಲಿ.

ಇಷ್ಟು ಹೊತ್ತು ಕಿಸೆಯ ಮಾತಾಯಿತು. ಇನ್ನೊಂದು ಮಾತಿದೆ, ನಮಗೆ ಸ್ವಲ್ಪ ಕಹಿಯಾದದ್ದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಮಿಷನ್ನು ನಮ್ಮದು, ಅದನ್ನು ಹಿಡಿಯುವವನು ಕೂಲಿಯವನು. ಚೈನು ಕಳಚಿದರೆ ಹೋಗುವುದು ಅವನ ಕಾಲು. ಅವನು ಮಿಷನ್ನು ನಿಲ್ಲಿಸಿ ಚೈನು ನೋಡುತ್ತಾ ಕೂತರೆ "ಏನಯ್ಯಾ, ಬೀಡಿ ಸೇದೋಕೆ ಕೂತೆಯಾ? ಬೇಗ ಮುಗಿಸು" ಅನ್ನುವವರು ಯಾರು? ನಾವೇ ಅಲ್ಲವೇ? ನಾನೂ ಅಂದಿದ್ದೇನೆ. ನಮ್ಮ ಬೆವರಿಗೆ ಬೆಲೆ ಕೊಡಿ ಎಂದು ಸರಕಾರವನ್ನು ಕೇಳುವ ನಾವು, ಇನ್ನೊಬ್ಬನ ಕಾಲಿಗೆ ಐದು ನಿಮಿಷದ ಬೆಲೆ ಕೊಡಲಾರೆವೇ? ಆ ಐದು ನಿಮಿಷವೂ ಕೂಲಿಯ ಹೊತ್ತೇ ಅಂತ ಲೆಕ್ಕಕ್ಕೆ ಹಿಡಿಯಿರಿ. ಗಟ್ಟಿ ಬೂಟು, ಗ್ಲೌಸು, ಕಣ್ಣಿಗೆ ಕನ್ನಡಕ ತಂದಿಡುವುದು ಮಿಷನ್ನಿನ ಯಜಮಾನನ ಕೆಲಸ, ಆಳಿನದ್ದಲ್ಲ.

ಮಾರುವವರನ್ನೂ ಬಿಡಬಾರದು. ಮಿಷನ್ನು ಕೊಳ್ಳಲು ಹೋದಾಗ ದುಡ್ಡು ಎಣಿಸುವ ಮೊದಲು ಹೇಳಿ: "ಸ್ವಾಮಿ, ಚೈನು ಬಿಚ್ಚಿ ಹಾಕೋದು, ಬಿಗಿ ಮಾಡೋದು ನನ್ನ ಕೈಯಲ್ಲೇ ಮಾಡಿಸಿ ತೋರಿಸಿ. ಕನ್ನಡದಲ್ಲಿ ಬರೆದ ಹಾಳೆ ಕೊಡಿ." ಕೊಡದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಕೇಳೋಣ: ಬೀಜ ಗೊಬ್ಬರದ ಮಾತಿನ ಜೊತೆಗೆ ವರ್ಷಕ್ಕೊಂದು ದಿನ, ಮಳೆಗಾಲಕ್ಕೆ ಮೊದಲು, ಮಿಷನ್ನು ಬಿಚ್ಚಿ ಕಟ್ಟುವುದನ್ನು ರೈತರಿಗೂ ಕೂಲಿಯವರಿಗೂ ಕೂರಿಸಿ ಕಲಿಸಲಿ. ಅಲ್ಲಿಯವರೆಗೆ ಕಾಯುವುದೂ ಬೇಡ. ಊರಿನಲ್ಲಿ ಬಲ್ಲವನೊಬ್ಬ ಇದ್ದೇ ಇರುತ್ತಾನೆ. ಅವನು ಕೂಲಿಯವನು ಅಂತ ಸಂಕೋಚ ಪಡದೆ ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಕೇಳಿ ಕಲಿಯಿರಿ. ನಾನು ಕಲಿತದ್ದು ಹಾಗೆಯೇ.

ಎರಡನೆಯ ಬಾರು ಹಾಕಿ ಈಗ ಎರಡು ಮಳೆಗಾಲ ಕಳೆಯಿತು. ಇನ್ನೂ ಅದೇ ಬಾರು ನಡೆಯುತ್ತಿದೆ.