ಕೇಬಲ್ ಕದ್ದ ಹುಡುಗನೂ ಪಂಚಾಯಿತಿಯ ಲೆಕ್ಕವೂ

ಪಂಪ್‌ಸೆಟ್ ಕೇಬಲ್ ಕಳವು ಎಂದರೇನು ಎಂಬುದನ್ನು ಹುಣಸೂರು ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಸುಟ್ಟು, ತಾಮ್ರವನ್ನು ಗುಜರಿಗೆ ಹಾಕಿದವನ ಕೈಗೆ ಹತ್ತುವುದು ಪುಡಿಗಾಸು. ಹೊಸ ಕೇಬಲ್ ಎಳೆಸುವ ರೈತನಿಗೆ ಬೀಳುವುದು ಸಾವಿರಗಳಲ್ಲಿ. ನೀರು ಕಾಣದೆ ಒಣಗಿದ ಹೊಗೆಸೊಪ್ಪಿನ ಸಸಿಮಡಿಯ ಲೆಕ್ಕ ಬೇರೆ.

ಮೈಸೂರಿನ ಹೆದ್ದಾರಿ ಹುಣಸೂರಿಗೂ ಹಾಸನಕ್ಕೂ ಕವಲೊಡೆಯುವ ಬಿಳಿಕೆರೆಯ ಆಸುಪಾಸಿನಲ್ಲಿ ಹದಿನಾರರ ಹುಡುಗನೊಬ್ಬ ಹೀಗೆ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳೋಣ. ಹೊಲದ ಕಳವಿಗೆ ಮೂರು ವರ್ಷದವರೆಗಿನ ಶಿಕ್ಷೆ. 2015ರ ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ಎಫ್‌ಐಆರ್ ಇಲ್ಲ, ಠಾಣೆಯ ದಿನಚರಿಯಲ್ಲಿ ನಮೂದು, ಆಮೇಲೆ ಬಾಲನ್ಯಾಯ ಮಂಡಳಿ. ಬುದ್ಧಿ ಹೇಳಿ ಕಳಿಸುವುದು, ಗುಂಪು ಆಪ್ತಸಮಾಲೋಚನೆ, ಸಮುದಾಯ ಸೇವೆ ಎಲ್ಲವೂ 18ನೇ ಸೆಕ್ಷನ್ನಿನಲ್ಲಿವೆ. ಕೇಬಲ್ ಕಳಕೊಂಡವನನ್ನು ಹುಡುಗನ ಎದುರು ಕೂರಿಸಿ ಮಾತಾಡಿಸುವ ಹೆಜ್ಜೆಯನ್ನು ಮಾತ್ರ ಕಾಯ್ದೆ ಕಡ್ಡಾಯ ಮಾಡಿಲ್ಲ. ರೈತನ ಪಾಲಿಗೆ ಮೊಕದ್ದಮೆ ಮೈಸೂರಿನಲ್ಲೆಲ್ಲೋ ಮುಗಿದುಹೋಗುತ್ತದೆ. ಹುಡುಗ ಊರಲ್ಲಿ ಕೇಬಲ್ ಕಳ್ಳನಾಗಿಯೇ ಉಳಿಯುತ್ತಾನೆ.

ಎದುರುಬದುರು ಕೂರಿಸುವ ಈ ಹೆಜ್ಜೆ ಹೊಸದೇನಲ್ಲ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ ಒಂದೇ ರಾತ್ರಿ 22 ಕಡೆ ಆಸ್ತಿ ಹಾಳುಗೆಡವಿದ ಇಬ್ಬರು ಹುಡುಗರನ್ನು ನ್ಯಾಯಾಧೀಶರು ನಷ್ಟವಾದವರ ಮನೆಬಾಗಿಲಿಗೇ ಕಳಿಸಿದರು. ನ್ಯೂಜಿಲೆಂಡ್ 1989ರಲ್ಲಿ, ತಪ್ಪು ಮಾಡಿದ ಮಗು, ಮನೆಯವರು, ನಷ್ಟವಾದವರು ಕೂಡಿ ಕೂರುವ ಕುಟುಂಬ ಸಭೆಯನ್ನು ಕಾನೂನಿಗೇ ಸೇರಿಸಿತು. ನಮ್ಮಲ್ಲಿ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಇಂಥ ಸಂವಾದಗಳಲ್ಲಿ ಕೆಲಸ ಮಾಡುತ್ತ ಬಂದಿದೆ. ಬೆಂಗಳೂರಿನಲ್ಲಿ ಆಗುವುದು ಬಿಳಿಕೆರೆಗೆ ಬರಬೇಕಾದರೆ ಯಾರಾದರೂ ಬಸ್ ಚಾರ್ಜು ಕೊಡಬೇಕಲ್ಲ!

ಖರ್ಚಿನ ಮಾತು ಇಷ್ಟೇ: ಮಾತಾಡಿಸಲು ಕಲಿತ ಒಬ್ಬರಿಗೆ ಗೌರವಧನ, ಹುಡುಗನ ತಾಯಿಯೂ ರೈತನೂ ಕಳಕೊಳ್ಳುವ ಒಂದು ದಿನದ ಕೂಲಿ, ಸಮುದಾಯ ಸೇವೆಗೆ ಗುದ್ದಲಿ ಪಿಕಾಸಿ, ಆರು ತಿಂಗಳು ಹೋಗಿ ಬಂದು ನೋಡುವ ವ್ಯವಸ್ಥೆ. ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಕೇಂದ್ರದ ಶೇ 60, ರಾಜ್ಯದ ಶೇ 40 ಪಾಲಿನ ಹಣವಿದೆ. ಅದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಗೃಹಗಳ ಹಾದಿಯಲ್ಲಿ ಹರಿಯುವ ಹಣ. ಊರಿನ ಹಣವಿರುವುದು ಗ್ರಾಮ ಪಂಚಾಯಿತಿಯಲ್ಲಿ. 2021ರಿಂದ 26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದಾಗಿತ್ತು; ಉಳಿದ ಶೇ 40ರಲ್ಲಿ ಊರಿನ ಅಗತ್ಯ ನೋಡಿಕೊಳ್ಳಬಹುದಿತ್ತು, ಸಂಬಳ ಕೊಡುವಂತಿರಲಿಲ್ಲ. ಸ್ವಂತ ಕಂದಾಯದಲ್ಲಿ ಅಂಗವಿಕಲರಿಗೆ ಶೇ 5 ಮೀಸಲಿಡುವ ಪಂಚಾಯಿತಿಗೆ, ಹಾದಿ ತಪ್ಪಿದ ಮಗುವಿಗೆ ಒಂದು ಸಣ್ಣ ಬಾಬ್ತು ತೆರೆಯುವುದು ಹೊರೆಯೇನಲ್ಲ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಕರೆದು ಶೌಚಾಲಯ, ಆಟದ ಮೈದಾನದ ಬೇಡಿಕೆ ಬರೆದುಕೊಳ್ಳುತ್ತೇವೆ. ಸಿಕ್ಕಿಬಿದ್ದ ಹುಡುಗ ಆ ಸಭೆಗೆ ಬರುವುದೇ ಇಲ್ಲ.

ಆದರೆ ನನಗೊಂದು ಅಳುಕಿದೆ. ಪಂಚಾಯಿತಿಯ ಹಣ ಎಂದೊಡನೆ ಪಂಚಾಯಿತಿಯವರೇ ನ್ಯಾಯ ಹೇಳಲು ಕೂತರೆ? ಅರಳಿಕಟ್ಟೆಯ ನ್ಯಾಯವನ್ನು ಹಾಡಿಹೊಗಳುವವರು ಅಲ್ಲಿ ಯಾರು ಕಟ್ಟೆಯ ಮೇಲಿದ್ದರು, ಯಾರು ಕೈಕಟ್ಟಿ ಕೆಳಗೆ ನಿಂತಿದ್ದರು ಎಂಬುದನ್ನೂ ಹೇಳಬೇಕು. ತಪ್ಪುಕಾಣಿಕೆ ಕಟ್ಟಿಸಿಕೊಂಡವರು, ಬಹಿಷ್ಕಾರ ಹಾಕಿದವರು ಊರಿನವರೇ. ಕದ್ದವನು ಕಾಲೊನಿಯ ಹುಡುಗ, ಕಳಕೊಂಡವನು ಊರ ಯಜಮಾನನ ಅಳಿಯ ಆಗಿದ್ದರೆ ಅಲ್ಲಿ ಕೇಳಿಸುವುದು ಕ್ಷಮೆಯೋ ಶರಣಾಗತಿಯೋ? ಅದಕ್ಕೇ ಮಾತುಕತೆ ನಡೆಸುವವರು ಹೊರಗಿನವರಾಗಿರಲಿ, ಪ್ರೊಬೇಷನ್ ಅಧಿಕಾರಿ ಜೊತೆಗಿರಲಿ, ಹೂಂ ಅನ್ನಬೇಕಾದ್ದು ಮಂಡಳಿ. ಹುಡುಗನೋ ರೈತನೋ ಬೇಡವೆಂದರೆ ಅಲ್ಲಿಗೇ ಬಿಡಬೇಕು.

ಇನ್ನೊಂದು ತೊಡಕು ಲೆಕ್ಕದ್ದು. ಪಂಚಾಯಿತಿಯ ಪ್ರತಿ ವೆಚ್ಚವೂ ಪಂಚತಂತ್ರ ತಂತ್ರಾಂಶ ಸೇರುತ್ತದೆ. ಅದು ಪಾರದರ್ಶಕತೆ, ಒಳ್ಳೆಯದೇ. ಆದರೆ ಮಗುವಿನ ಗುರುತು ಹೊರಬೀಳಕೂಡದು ಎಂಬುದು ಬಾಲನ್ಯಾಯ ಕಾಯ್ದೆಯ ಆಶಯ. ಬಿಲ್ಲಿನಲ್ಲಿ ಹೆಸರು ಬರೆಯದೆ ಮಂಡಳಿಯ ಪ್ರಕರಣ ಸಂಖ್ಯೆಯಷ್ಟನ್ನೇ ನಮೂದಿಸಿದರೆ ಲೆಕ್ಕ ತಪಾಸಣೆಯವರು ಒಪ್ಪುತ್ತಾರೆಯೇ? ಈ ಬಗ್ಗೆ ಪಂಚಾಯತ್ ರಾಜ್ ಇಲಾಖೆ ಒಂದು ಸುತ್ತೋಲೆ ಹೊರಡಿಸದೆ ಯಾವ ಪಿಡಿಒ ಕೂಡ ಸಹಿ ಹಾಕಲಾರರು.