ಸನ್ಮಾನ ಯಾರಿಗೆಂದು ಗ್ರಾಮಸಭೆ ಹೇಳಲಿ

ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು 1951ರಲ್ಲಿ ಮೊದಲು ಕೇಳಿದ್ದು ಜಮೀನಿನ ಒಡೆತನವನ್ನಲ್ಲ. ಗೇಣಿ ಭತ್ತ ಅಳೆಯುವ ಕೊಳಗ ಸರಿಯಾದ ಅಳತೆಯದಾಗಿರಲಿ, ಅಳೆದುಕೊಟ್ಟ ಗೇಣಿಗೆ ರಸೀದಿ ಸಿಗಲಿ ಎಂದಷ್ಟೇ ಅವರು ಕೇಳಿದ್ದರು. ಇಡೀ ಜಗಳದ ಹುರುಳು ಆ ರಸೀದಿಯಲ್ಲಿಯೇ ಇತ್ತು. ಅದು ಕೈಯಲ್ಲಿಲ್ಲದವನು ತಲೆಮಾರುಗಳಿಂದ ಉಳುತ್ತಿದ್ದರೂ ಕಾಗದದ ಮಟ್ಟಿಗೆ ಆ ಗದ್ದೆಗೆ ಏನೂ ಅಲ್ಲ. ಒಡೆಯರು ಬಿಡು ಎಂದ ದಿನ ಬಿಟ್ಟು ಏಳಬೇಕಾದವನು. ಗೇಣಿದಾರರನ್ನು ಸಂಘಟಿಸಿದ ಎಚ್. ಗಣಪತಿಯಪ್ಪ, ಜೂನ್ ತಿಂಗಳಲ್ಲಿ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ, ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದ ಶಾಂತವೇರಿ ಗೋಪಾಲಗೌಡ, ಇವರನ್ನು ನಾಡು ನೆನೆಯುತ್ತದೆ, ನೆನೆಯಲೇಬೇಕು. ಆದರೆ ಅದೇ ಚಳವಳಿಯಲ್ಲಿ ಗದ್ದೆಗಿಳಿದು ಜೈಲು ಕಂಡ ದೀವರ ಸಮುದಾಯದ ಗಂಡಸರು, ಹೆಂಗಸರ ಹೆಸರನ್ನು ಅವರ ಊರಿನಾಚೆ ಹೇಳುವವರು ಎಷ್ಟು ಜನ? ಬಡವರಿಗೆ ನ್ಯಾಯ ದಕ್ಕುವಂತೆ ಮಾಡಿದವರನ್ನು ಗೌರವಿಸುವ ಮಾತು ಬಂದಾಗಲೆಲ್ಲ ನಾವು ವೇದಿಕೆಯ ಮೇಲಿದ್ದವರನ್ನು ನೋಡುತ್ತೇವೆ, ಕಾಗದ ಮಾಡಿಸಿಕೊಟ್ಟವರನ್ನು ಮರೆಯುತ್ತೇವೆ. ಈ ಮರೆವು ತಪ್ಪಬೇಕಾದರೆ ಸನ್ಮಾನ ಯಾರಿಗೆ ಸಲ್ಲಬೇಕು ಎಂದು ತೀರ್ಮಾನಿಸುವ ಹಕ್ಕು ನ್ಯಾಯ ಪಡೆದ ಜನರ ಕೈಗೇ ಬರಬೇಕು.

ಕಾಗೋಡಿನ ನಂತರದ ಕಾನೂನಿನ ಚರಿತ್ರೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. 1952ರಲ್ಲಿ ಮೈಸೂರು ಗೇಣಿ ಕಾಯ್ದೆ ಬಂತು. ಆಗಿನ ಕಂದಾಯ ಸಚಿವರು ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪ. 1961ರ ಭೂಸುಧಾರಣಾ ಕಾಯ್ದೆ 1965ರಲ್ಲಿ ಜಾರಿಗೆ ಬಂದರೂ, ಉಳುವವನಿಗೆ ನಿಜಕ್ಕೂ ಜಮೀನು ಸಿಕ್ಕಿದ್ದು ದೇವರಾಜ ಅರಸರ ಸರ್ಕಾರ ತಂದ 1974ರ ತಿದ್ದುಪಡಿಯಿಂದ. ಆ ತಿದ್ದುಪಡಿ ಸಿವಿಲ್ ಕೋರ್ಟಿನ ಬದಲು ಭೂನ್ಯಾಯಮಂಡಳಿಯನ್ನು ನೇಮಿಸಿತು. ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು. ಸರ್ಕಾರ ನೇಮಿಸುವ ಇನ್ನು ನಾಲ್ವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕಿತ್ತು. ಮಂಡಳಿಯ ಮುಂದೆ ವಕೀಲರು ವಾದಿಸುವಂತಿಲ್ಲ ಎಂದೂ ಕಾಯ್ದೆ ಹೇಳಿತ್ತು. ಆ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತು. ಹಣವಂತ ಒಡೆಯನ ವಕೀಲನೆದುರು ಬಡ ಗೇಣಿದಾರ ಸೋಲಬಾರದು ಎಂಬುದು ನಿಷೇಧದ ಉದ್ದೇಶವಾಗಿತ್ತು. ಆದರೆ ವಕೀಲರನ್ನು ದೂರವಿಟ್ಟ ಮಾತ್ರಕ್ಕೆ ಕಾಗದದ ಕೆಲಸ ತಪ್ಪಲಿಲ್ಲ. ಗೇಣಿದಾರರ ಅರ್ಜಿ ನಮೂನೆಯಾದ ಫಾರಂ 7ರಲ್ಲಿ ಸರ್ವೆ ನಂಬರು, ಎಕರೆ-ಗುಂಟೆ, ಮಾಲೀಕನ ಹೆಸರು ತುಂಬಿ 1979ರ ಜೂನ್ 30ರೊಳಗೆ ಸಲ್ಲಿಸಬೇಕಿತ್ತು. ಒಂದು ಸರ್ವೆ ನಂಬರು ತಪ್ಪಿದರೆ ಒಂದು ಗದ್ದೆಯೇ ತಪ್ಪುವ ಅಪಾಯ. ಅಕ್ಷರ ಬಾರದ ಗೇಣಿದಾರನಿಗೆ ಅದನ್ನು ಯಾರೋ ಬರೆದುಕೊಡಲೇಬೇಕಿತ್ತು, ಪಹಣಿ ತೆಗೆಸಬೇಕಿತ್ತು, ಒಡೆಯರಿಗೆ ಹೆದರದ ಸಾಕ್ಷಿಗಳನ್ನು ಹುಡುಕಿ ವಿಚಾರಣೆಯ ದಿನ ಕರೆದೊಯ್ಯಬೇಕಿತ್ತು. ಕಾಯ್ದೆ ಮಾಡಿದವರ ಹೆಸರು ರಸ್ತೆಗಳಿಗೆ, ಭವನಗಳಿಗೆ ಇದೆ. ಅರ್ಜಿ ಬರೆದವರ ಹೆಸರು ಅರ್ಜಿಯ ಮೇಲೂ ಇರಲಿಲ್ಲ.

ಇದು ಮುಗಿದ ಕಥೆಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದಾಗ ಎದ್ದುಹೋದ ಸಾವಿರಾರು ಕುಟುಂಬಗಳಲ್ಲಿ ಅನೇಕರಿಗೆ ಕಾಡಿನ ಜಾಗ ತೋರಿಸಲಾಯಿತು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಸರ್ಕಾರ ಬಹಳ ತಡವಾಗಿ ಅದನ್ನು ಅರಣ್ಯದಿಂದ ಬಿಡಿಸಲು ಹೊರಡಿಸಿದ ಆದೇಶಗಳು, ಕೇಂದ್ರದ ಅನುಮತಿ ಪಡೆದಿಲ್ಲವೆಂಬ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ರದ್ದಾದವು. ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಇಲ್ಲಿ 75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸವನ್ನು ತೋರಿಸಬೇಕು. ಕಾಯ್ದೆಯ ನಿಯಮಗಳು ಉದಾರವಾಗಿಯೇ ಇವೆ: ಹಳೆಯ ಬಾವಿ, ಮನೆಯ ಪಾಯ, ಸ್ಮಶಾನ ಎಲ್ಲವೂ ಪುರಾವೆ, ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಇಂಥದ್ದೇ ದಾಖಲೆ ತಾ ಎಂದು ಅಧಿಕಾರಿಗಳು ಹಠ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಹಾಗಿದ್ದೂ ಕರ್ನಾಟಕದಲ್ಲಿ ಮಂಜೂರಾದ ಅರ್ಜಿಗಳಿಗಿಂತ ತಿರಸ್ಕೃತವಾದವೇ ಹೆಚ್ಚು. ತಿರಸ್ಕಾರದ ಆದೇಶ ಕೈಸೇರಿದ 60 ದಿನಗಳಲ್ಲಿ ಮೇಲ್ಮನವಿ ಹಾಕಬೇಕು. ಹೊಸನಗರದ ಮೂಲೆಯ ಹಳ್ಳಿಯವರು ಇದಕ್ಕಾಗಿ ಸಾಗರದ ಉಪವಿಭಾಗಾಧಿಕಾರಿ ಕಚೇರಿಯವರೆಗೆ ಬರಬೇಕು. ಮಳೆಗಾಲದಲ್ಲಿ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’ ಎಂಬ ಉತ್ತರ ಸಿಕ್ಕರೆ ಕಾಯ್ದೆಯ ಉದಾರತೆ ಅಲ್ಲಿಗೆ ಮುಗಿಯಿತು. ತೊಂಬತ್ತರ ಅಜ್ಜಿಯ ಮುಂದೆ ಕುಳಿತು ಅವರ ಹೇಳಿಕೆಯನ್ನು ತಾಳ್ಮೆಯಿಂದ ಬರೆದುಕೊಂಡು, ಹೆಬ್ಬೆಟ್ಟು ಹಾಕಿಸಿ, ಅರಣ್ಯ ಹಕ್ಕು ಸಮಿತಿಯ ಕಡತಕ್ಕೆ ಸೇರಿಸುವ ಮನುಷ್ಯನಿಂದ ಮಾತ್ರ ಇಂಥ ಕಾಯ್ದೆಗೆ ಜೀವ ಬರುತ್ತದೆ.

ಅಂಥವರನ್ನು ನಾವು ಗುರುತಿಸುವ ಬಗೆ ಹೇಗಿದೆ? ತಾಲ್ಲೂಕು ಮಟ್ಟದ ಸನ್ಮಾನವೆಂದರೆ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ದೊಡ್ಡ ಪ್ರಶಸ್ತಿಗಳಿಗಾದರೆ ಸ್ವವಿವರ ಹಿಡಿದು ಶಿಫಾರಸಿಗೆ ಓಡಾಡುವವರ ಸಾಲು. ಅರ್ಜಿ ಹಾಕಿದವರಿಗೆ ಗೌರವ ಎನ್ನುವ ಈ ಪದ್ಧತಿಯಲ್ಲಿ ಇನ್ನೊಬ್ಬರ ಅರ್ಜಿ ಬರೆಯುತ್ತಲೇ ಇರುವವರು ಹೊರಗುಳಿಯುವುದು ಸಹಜ. ಇದನ್ನು ತಿರುಗಿಸಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂದ ನೆನಪಿಗೆ ಪ್ರತಿವರ್ಷ ಆ ದಿನ ಕಾನೂನು ಸೇವಾ ದಿನ ನಡೆಯುತ್ತದೆ. ಅದಕ್ಕೆ ಮೊದಲು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪ್ರತಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಇಡಲಿ: ಈ ವರ್ಷ ನಿಮ್ಮ ಹಕ್ಕಿನ ಕಾಗದ ಕೈಸೇರಲು ಯಾರು ನೆರವಾದರು? ಹಕ್ಕುಪತ್ರ, ಪಿಂಚಣಿ, ಜೀವನಾಂಶ, ಬಾಕಿ ಕೂಲಿ ಯಾವುದೇ ಇರಲಿ, ಪಡೆದವರೇ ಎದ್ದು ಹೆಸರು ಹೇಳಲಿ. ಆ ಹೆಸರುಗಳನ್ನು ತಾಲ್ಲೂಕು ಕಾನೂನು ಸೇವಾ ಸಮಿತಿ ಪರಿಶೀಲಿಸಿ ಪ್ರಕಟಿಸಲಿ. ಶಾಲಿಗೆ ಬದಲು, ಅಂಥವರ ಕೈಕೆಳಗೆ ಇಬ್ಬರು ಯುವಕ-ಯುವತಿಯರು ಒಂದು ವರ್ಷ ಕೆಲಸ ಕಲಿಯುವ ಖರ್ಚನ್ನು ಸರ್ಕಾರ ಕೊಡಲಿ.

ಸೇವೆ ಮಾಡಿದವರಿಗೆ ಸನ್ಮಾನದ ಆಸೆ ಯಾಕೆ, ಆ ದುಡ್ಡನ್ನು ನೇರವಾಗಿ ಕಾನೂನು ನೆರವಿಗೆ ಹಾಕಬಾರದೇ ಎಂದು ಕೇಳುವವರಿದ್ದಾರೆ. ಹಾಕಬೇಕು, ಎರಡು ಮಾತಿಲ್ಲ. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು ಎಂದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಈ ಸವಲತ್ತು ಇರುವುದೇ ಗೊತ್ತಿಲ್ಲದವರಿಗೆ ಅದನ್ನು ತಿಳಿಸಿ ಕಚೇರಿಯವರೆಗೆ ಕರೆತರುವವರು ಮಾತ್ರ ಊರಿನವರೇ ಆಗಬೇಕು, ಊರು ನಂಬಿದವರಾಗಬೇಕು. ಊರೇ ಹೆಸರು ಹೇಳಿದವರು ಯಾರೆಂದು ಎಲ್ಲರಿಗೂ ಗೊತ್ತಾದರೆ ಮುಂದಿನ ಬಡವ ದಲ್ಲಾಳಿಯ ಮನೆಗೆ ಹೋಗದೆ ಅವರ ಮನೆಗೆ ಹೋಗುತ್ತಾನೆ. ಇಲ್ಲಿ ಸನ್ಮಾನವೆಂದರೆ ಬಹುಮಾನಕ್ಕಿಂತ ಹೆಚ್ಚಾಗಿ ವಿಳಾಸ.

ಗ್ರಾಮಸಭೆಗೆ ಬಿಟ್ಟರೆ ಜಾತಿ, ಪಕ್ಷ ನುಗ್ಗುತ್ತವೆ ಎಂಬುದು ಎರಡನೆಯ ಆಕ್ಷೇಪ. ನುಗ್ಗುತ್ತವೆ, ಹೌದು. ಆದರೆ ಆಯ್ಕೆ ಸಮಿತಿಯ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವು ಇಲ್ಲವೇ? ಗ್ರಾಮಸಭೆಯಲ್ಲಿ ಕನಿಷ್ಠ ಎಲ್ಲರೆದುರು ಪ್ರಶ್ನಿಸಬಹುದು. ಹೆಸರಿನ ಜತೆಗೆ ಕೈಸೇರಿದ ಆದೇಶದ ಪ್ರತಿ ಇರಬೇಕು, ಕೆಲಸಕ್ಕೆ ಹಣ ಪಡೆದವರಾಗಿರಬಾರದು, ಚುನಾಯಿತ ಹುದ್ದೆಯಲ್ಲಿ ಇರಬಾರದು ಎಂಬ ಮೂರು ಷರತ್ತು ಹಾಕಿದರೆ ಬಹುಪಾಲು ಗಲಾಟೆ ತಾನಾಗಿಯೇ ಇಳಿಯುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಒಬ್ಬರಿಗೆ ಸಿಕ್ಕ ನ್ಯಾಯ ಇನ್ನೊಬ್ಬರ ನಷ್ಟವಾಗುವುದುಂಟು. ಗೇಣಿಗೆ ಕೊಟ್ಟ ತುಂಡು ಗದ್ದೆಯನ್ನೇ ನಂಬಿದ್ದ ವಿಧವೆಯರು, ಅರ್ಚಕರು ಸಹ ಜಮೀನು ಕಳೆದುಕೊಂಡರು. ಅರಣ್ಯ ಹಕ್ಕಿನ ನೆಪದಲ್ಲಿ ದೊಡ್ಡ ಒತ್ತುವರಿದಾರರು ಕಾಡು ಕಬಳಿಸಿದರೆ ಮಲೆನಾಡಿನ ನೀರು, ಮಣ್ಣು ಎರಡಕ್ಕೂ ಕುತ್ತು. ಈ ದೂರುಗಳನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ಗೌರವ ಸಲ್ಲಬೇಕಾದುದು ಯಾವ ಪಕ್ಷ ಗೆದ್ದಿತು ಎಂಬುದಕ್ಕಲ್ಲ, ಬಾಯಿಲ್ಲದವರ ಮಾತು ವಿಚಾರಣೆಯ ದಾಖಲೆಗೆ ಸೇರುವಂತೆ ಮಾಡಿದ್ದಕ್ಕೆ. ಗೇಣಿದಾರನ ಅರ್ಜಿ ಬರೆದವರಿಗೆ ಸಲ್ಲುವ ಗೌರವ, ನಿರ್ಗತಿಕ ವಿಧವೆಗೆ ಪರಿಹಾರ ಕೊಡಿಸಿದವರಿಗೂ ಸಲ್ಲಬೇಕು. ಎರಡೆಕರೆಯ ನಿರಾಶ್ರಿತನಿಗೂ ನೂರೆಕರೆಯ ಒತ್ತುವರಿದಾರನಿಗೂ ಇರುವ ವ್ಯತ್ಯಾಸವನ್ನು ಊರಿನಷ್ಟು ಚೆನ್ನಾಗಿ ಬಲ್ಲ ಇನ್ನೊಂದು ಸಮಿತಿಯಿಲ್ಲ.

ಇಂಥ ಪಟ್ಟಿಯಿಂದ ಇನ್ನೊಂದು ಲಾಭವಿದೆ. ಯಾರ ಹೆಸರಿದೆ ಎಂಬುದರಷ್ಟೇ, ಯಾವ ಕೇರಿಯಿಂದ ಒಂದೂ ಹೆಸರು ಬಂದಿಲ್ಲ ಎಂಬುದನ್ನೂ ಅದು ತೋರಿಸುತ್ತದೆ. ಭೂಸುಧಾರಣೆ ಗೇಣಿದಾರರನ್ನು ಒಡೆಯರನ್ನಾಗಿಸಿತು. ಗೇಣಿಯ ಕರಾರೂ ಇಲ್ಲದೆ ಕೂಲಿಗೆ ದುಡಿದ ದಲಿತರು, ಹಸಲರಂಥ ಬುಡಕಟ್ಟಿನವರಿಗೆ ಕಾಯ್ದೆ ಕೊಟ್ಟಿದ್ದು ಹೆಚ್ಚೆಂದರೆ ಮನೆ ಕಟ್ಟಿಕೊಂಡ ಜಾಗದ ಹಕ್ಕು. ಗದ್ದೆಯಲ್ಲಿ ಸರಿಸಮ ದುಡಿದ ಹೆಂಗಸರ ಹೆಸರು ಹಕ್ಕುಪತ್ರದಲ್ಲಿ ಕಾಣುವುದು ಅಪರೂಪ. ಹಸಲರ ಕೇರಿಯಲ್ಲಿ ‘ನಮಗೆ ಯಾರೂ ನೆರವಾಗಲಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಬೇಕು, ಮುಂದಿನ ವರ್ಷದ ಕಾನೂನು ಸ್ವಯಂಸೇವಕರನ್ನು ಮೊದಲು ಅಲ್ಲಿಗೇ ಕಳಿಸಬೇಕು. ರಸೀದಿಗಾಗಿ ಜೈಲಿಗೆ ಹೋದ ಸೀಮೆ ಇದು. ಇಲ್ಲಿನ ಸನ್ಮಾನಕ್ಕೂ ಲೆಕ್ಕ ಇರಬೇಕು, ಆ ಲೆಕ್ಕವನ್ನು ಕೇಳುವ ಹಕ್ಕು ಕೊನೆಯ ಮನೆಯವರಿಗೆ ಮೊದಲು ಇರಬೇಕು.