ಎರಡು ಹೋಳಿನ ಮಂಡಿಚಿಪ್ಪು

ಗುಂಡ್ಲುಪೇಟೆಯ ಕಡೆಯ ನಮ್ಮ ಬಂಧುಗಳ ಮಗನೊಬ್ಬನು ಕಳೆದ ಮಳೆಗಾಲದಲ್ಲಿ ಬೈಕಿನಿಂದ ಬಿದ್ದನು. ಮಂಡಿ ಊದಿತು. ಎಕ್ಸರೇಯಲ್ಲಿ ಮಂಡಿಚಿಪ್ಪಿನ ಮೇಲಣ ಹೊರಮೂಲೆಯಲ್ಲಿ ಗೆರೆಯೊಂದು ಕಂಡಿತು. ಮುರಿದಿದೆ, ಶಸ್ತ್ರಚಿಕಿತ್ಸೆಯಾಗಬೇಕೆಂದು ಒಬ್ಬರು ಹೇಳಿಬಿಟ್ಟರು. ಮನೆಯಲ್ಲಿ ಹಸು ಮಾರುವ ಮಾತೂ ನಡೆಯಿತು. ಚಾಮರಾಜನಗರದ ವೈದ್ಯರೊಬ್ಬರು ಮಾತ್ರ ಆ ಮೂಲೆಯನ್ನು ಒತ್ತಿ ನೋಡಿ, ಅಲ್ಲಿ ನೋವಿಲ್ಲವೆಂದು ತಿಳಿದು, “ಇನ್ನೊಂದು ಕಾಲಿನದೂ ತೆಗೆಸಿಕೊಂಡು ಬನ್ನಿ, ತಾಯಿ” ಎಂದರು. ಅದರಲ್ಲಿಯೂ ಅದೇ ಗೆರೆ!

ಮಂಡಿಚಿಪ್ಪು ಶೈಶವದಲ್ಲಿ ಮೃದ್ವಸ್ಥಿ. ಬಾಲ್ಯದಲ್ಲಿ ಅದು ಎಲುಬಾಗುವಾಗ ಒಂದು ಮೂಲೆಯ ತುಂಡು ಉಳಿದುದರೊಡನೆ ಬೆಸೆಯದೆ ಉಳಿಯುವುದುಂಟು. ನೂರರಲ್ಲಿ ಒಬ್ಬಿಬ್ಬರಲ್ಲಿ ಹೀಗಿರುತ್ತದೆ; ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಹೊಸದಾಗಿ ಮುರಿದ ಎಲುಬಿನ ಅಂಚು ಚೂಪು, ಒರಟು. ಇದರದು ನುಣುಪು, ದುಂಡು. ಆದರೆ ಎರಡು ಮಂಡಿಗಳಲ್ಲಿಯೂ ಇರಲೇಬೇಕೆಂಬ ನಿಯಮವಿಲ್ಲ. ಇನ್ನೊಂದು ಸರಿಯಿದ್ದ ಮಾತ್ರಕ್ಕೆ ಇದು ಮುರಿದುದೇ ಎನ್ನಲಾಗದು.

ಪಠ್ಯಪುಸ್ತಕವು ವಯಸ್ಕರಿಗೆ 206 ಎಲುಬುಗಳೆಂದು ಎಣಿಸುತ್ತದೆ. ದೇಹವು ಆ ಲೆಕ್ಕಕ್ಕೆ ಕಟ್ಟುಬಿದ್ದುದಲ್ಲ. ಕೆಲವರಿಗೆ ಕೊರಳ ಬುಡದಲ್ಲಿ ಒಂದು ಹೆಚ್ಚಿನ ಪಕ್ಕೆಲುಬು. ನೂರರಲ್ಲಿ ಸುಮಾರು ಐವರಿಗೆ ಎದೆಯ ನಡುವಣ ಎಲುಬಿನಲ್ಲಿ ಹುಟ್ಟಿನಿಂದಲೇ ಒಂದು ರಂಧ್ರ. ಅಸ್ಥಿಪಂಜರ ಪರೀಕ್ಷಿಸುವವರು ಅದನ್ನು ಗುಂಡೇಟಿನ ಗುರುತೆಂದು ಭ್ರಮಿಸಬಾರದು. ರಂಧ್ರವು ನಿರುಪದ್ರವಿಯೇ, ಆದರೆ ಅದರ ಹಿಂದೆ ಹೃದಯವಿರುವುದರಿಂದ ಅಲ್ಲಿ ಸೂಜಿ ಚುಚ್ಚುವವರು ಎಚ್ಚರದಿಂದಿರಬೇಕು.

ಹುಡುಗನ ಮಂಡಿಯ ಊತ ಇಳಿದಿದೆ. ಎರಡೂ ಎಕ್ಸರೇಗಳನ್ನು ಜೋಪಾನವಾಗಿಡಿರೆಂದು ವೈದ್ಯರು ಹೇಳಿದ್ದಾರೆ. ಮತ್ತೊಮ್ಮೆ ಬಿದ್ದರೆ ಮೊದಲು ತೋರಿಸಬೇಕಾದುದು ಅವನ್ನೇ.